ಗೋಡೆಗೆ ಜ್ವರ ಬರ್ತದಾ?

ಮೂಡುಬಿದಿರೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ನನ್ನ ಸೋದರಮಾವನಷ್ಟು ಪರರ ಹೊಟ್ಟೆಯ ಮೇಲೆ ಕಣ್ಣಿಟ್ಟವರು ಇನ್ನೊಬ್ಬರಿರಲಿಲ್ಲ! ಕಣ್ಣಷ್ಟೇ ಅಲ್ಲ, ಕೈಯನ್ನೂ ಇಡುತ್ತಿದ್ದರು. ಮಲೇರಿಯಾ ಹಿಡಿದವರ ಎಡ ಪಕ್ಕೆಲುಬಿನ ಕೆಳಗೆ ಊದಿದ ಗುಲ್ಮ ಗಡ್ಡೆಯಂತೆ ಕೈಗೆ ಸಿಗುತ್ತದೆ ಎಂದು ಯಾವುದೋ ಡಾಕ್ಟರು ಒಮ್ಮೆ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಅಂಗಡಿಗೆ ಬಂದ ಮಕ್ಕಳಿಗೆ ಬಟ್ಟೆಗಿಂತ ಮೊದಲು ಹೊಟ್ಟೆಯ ಪರೀಕ್ಷೆ. ಒಂದು ಮದುವೆಯಲ್ಲಂತೂ ಮದುಮಗನನ್ನೇ ಅಮುಕಿ ನೋಡಿದರು!

“ಇದೆಂಥದು ಮಾರಾಯ್ರೆ, ನಮ್ಮ ಹುಡುಗ ಅಂದ್ರೆ ಹಲಸಿನಹಣ್ಣಾ?” ಎಂದು ಬೀಗರು ಕೆರಳಿದರು.

“ಗಡ್ಡೆ ಇಲ್ಲ. ಧಾರೆ ಎರೆಯುವ,” ಎಂದರು ಮಾವ.

ಐವತ್ತರ ದಶಕದಲ್ಲಿ ಸರಕಾರ ಸೊಳ್ಳೆ ಸಾಯಲೆಂದು ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆಸಲು ಶುರುಮಾಡಿತಲ್ಲ, ಆಗ ಈ ಹುಚ್ಚಿಗೊಂದು ಗುರಿ ಸಿಕ್ಕಿತು. ಮದ್ದು ಬಿದ್ದ ಕಡೆ ಮಕ್ಕಳ ಗಡ್ಡೆ ನಿಜಕ್ಕೂ ಕರಗುತ್ತ ಬಂತು. ಮಾವ ಹಿಗ್ಗಿದರು. ಆದರೆ ಪುತ್ತಿಗೆಯಾಚೆ, ಜೀಪು ಹತ್ತದ ಗುಡ್ಡದ ಹಿಂದಿನ ಕೇರಿಯಲ್ಲಿ ಅವರ ಕೈಗೆ ಸಿಕ್ಕಿದ್ದು ಅದೇ ಗಡ್ಡೆಗಳು. ಅಲ್ಲಿಗೆ ಮದ್ದೇ ಹೋಗಿರಲಿಲ್ಲ.

ಅಷ್ಟರಲ್ಲಿ ಯೋಜನೆ ಯಶಸ್ವಿಯಾಯಿತೆಂದು ಶಾಲೆಯಲ್ಲಿ ಸಭೆ! ಮಾಲೆ ಹಾಕಿಸಿಕೊಂಡ ಅಧಿಕಾರಿಗಳು ಎಷ್ಟು ಗೋಡೆಗಳಿಗೆ ಮದ್ದು ಬಿತ್ತೆಂದು ವಿವರಿಸುತ್ತಿದ್ದಾಗ ಮಾವ ಎದ್ದು ನಿಂತರು.

“ಗೋಡೆಗೆ ಜ್ವರ ಬರ್ತದಾ ಸ್ವಾಮೀ? ಜ್ವರ ಯಾರಿಗೆ ಬಿಟ್ಟಿತು, ಯಾರಿಗೆ ಬಿಡಲಿಲ್ಲ, ಅದನ್ನು ಹೇಳಿ. ಗುಡ್ಡದ ಹಿಂದೆಯೂ ಮಕ್ಕಳು ಉಂಟು.”

“ಅವರು ನಿಮ್ಮ ಹೊಟ್ಟೆ ಮುಟ್ಟಿಯಾರು, ಹುಷಾರು!” ಎಂದು ಯಾರೋ ಅಧಿಕಾರಿಗಳನ್ನು ಎಚ್ಚರಿಸಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಮಾವನನ್ನು ಕೂರಿಸಿ ಎಲ್ಲರಿಗೂ ಅವಲಕ್ಕಿ ಹಂಚಿದರು.

ಆ ಮಳೆಗಾಲದಲ್ಲಿ ಗುಡ್ಡದ ಹಿಂದೆ, ಬೀಡಿ ಕಟ್ಟುವ ಬಾಗಿಯ ದೊಡ್ಡ ಮಗಳು ಜ್ವರದಲ್ಲೇ ಹೋದಳು. ಅಧಿಕಾರಿಗಳು ಬಡ್ತಿ ಸಿಕ್ಕಿ ಮಂಗಳೂರಿಗೆ ಹೋದರು. ಮಾವ ಕಚೇರಿಯಿಂದ ಕಚೇರಿಗೆ ಅಲೆದರು. ಎಲ್ಲಿ ಹೋದರೂ ಒಂದೇ ಉತ್ತರ: “ಕಡತದಲ್ಲಿ ಆ ಕೇರಿಗೆ ಮದ್ದು ಹೊಡೆದಾಗಿದೆಯಲ್ಲ!” ಇದಕ್ಕೆ ನಗಬೇಕೋ, ಅಳಬೇಕೋ?

ಕೊನೆಗೆ ಮರುವರ್ಷ ಮದ್ದಿನವರು ಪಂಪು ಹೊತ್ತು ಗುಡ್ಡ ಹತ್ತಿದರು. ಮುಂದೆ ಮಾವ, ಹಿಂದೆ ನಾನು. ಬಾಗಿ ಮಾತ್ರ ಬಾಗಿಲಿಗೆ ಅಡ್ಡ ಕೂತಳು.

“ಈಗ ಯಾಕೆ ಧನಿಗಳೇ?”

ಯಾವ ಸಾಹೇಬರಿಗೂ ಬಗ್ಗದ ಮಾವ ಮದ್ದಿನವರಿಗೆ ಕಾಯಲು ಹೇಳಿ ಅಂಗಳದ ಮಣ್ಣಿನಲ್ಲೇ ಅವಳೆದುರು ಕೂತರು. ಒಳಗೆ ಚಿಕ್ಕ ಮಗು ಎದ್ದು ಅತ್ತಿತು.

“ಇನ್ನೊಬ್ಬಳು ಉಂಟಲ್ಲ ಬಾಗಿ,” ಎಂದರು ಮಾವ, ಮೆಲ್ಲಗೆ.

ಬಾಗಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಮದ್ದು ತಾಗದಂತೆ ಅಡುಗೆಯ ಮಡಕೆಗಳನ್ನು ಒಂದೊಂದಾಗಿ ಹೊರಗೆ ತಂದಿಟ್ಟಳು. ಮಾವ ಒಳಗೆ ಹೋಗಿ ಮಗುವನ್ನು ಚಾಪೆಯ ಸಮೇತ ಎತ್ತಿ ತಂದು ಗೇರುಮರದ ನೆರಳಿನಲ್ಲಿ ಮಲಗಿಸಿದರು. ಮದ್ದಿನ ಕೆಲಸ ಮುಗಿಯುವವರೆಗೂ ಹೆಗಲಿನ ಶಾಲಿನಿಂದ ಅದಕ್ಕೆ ಗಾಳಿ ಬೀಸುತ್ತ ಅಲ್ಲೇ ಕೂತಿದ್ದರು.