ಖಾಲಿ ಪೆಟ್ಟಿಗೆಗೆ ಹತ್ತು ನಿಮಿಷ

ಏನೂ ಗೊತ್ತಿಲ್ಲದವರನ್ನು ನಾನು ಹೇಗೋ ಸಹಿಸಿಕೊಂಡೇನು. ಅರ್ಧಂಬರ್ಧ ತಿಳಿದುಕೊಂಡು ಬುದ್ಧಿ ಹೇಳಲು ಬರುವವರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿದುಹೋಗುತ್ತದೆ. ಚಾಮರಾಜನಗರದ ಹೈಸ್ಕೂಲಿನಲ್ಲಿ ಹದಿನಾರು ವರ್ಷ ವಿಜ್ಞಾನ ಹೇಳಿಕೊಟ್ಟವನು ನಾನು. ಉಷ್ಣದ ಪಾಠವನ್ನಂತೂ ಪುಸ್ತಕ ತೆರೆಯದೆ, ಮೇಜಿನ ಮೇಲೆ ಕೂತು ಕಾಲಾಡಿಸುತ್ತ ಒಪ್ಪಿಸಿಬಿಡಬಲ್ಲೆ. ಅಂಥವನಿಗೆ ಶಾಖ ಎಂದರೇನು ಎಂದು ಹೇಳಿಕೊಡಲು ಒಂದು ಬೇಕರಿ ಹೊರಟರೆ ಹೇಗಿರಬೇಕು, ನೀವೇ ಹೇಳಿ.

ಆ ಬೇಕರಿ ಇದ್ದದ್ದು ಗುಂಡ್ಲುಪೇಟೆಯಲ್ಲಿ, ನನ್ನ ಹೆಂಡತಿ ಗಿರಿಜಳ ಅಕ್ಕನ ಮನೆಯ ಪಕ್ಕದಲ್ಲಿ. ಕೇರಳದ ಕಡೆಯ ಗಂಡ ಹೆಂಡತಿ ನಡೆಸುತ್ತಿದ್ದರು. ದಸರಾ ರಜೆಗೆ ಅಲ್ಲಿಗೆ ಹೋಗಿದ್ದ ಗಿರಿಜಾ ಆ ಹೆಂಗಸಿನಿಂದ ಮೊಟ್ಟೆಯಿಲ್ಲದ ಕೇಕು ಮಾಡುವುದನ್ನು ಕಲಿತು, ಅಕ್ಕ ಕೊಟ್ಟ ಅಲ್ಯೂಮಿನಿಯಮ್ಮಿನ ದುಂಡನೆ ಓವನ್ನನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಿಂದ ಇಳಿದಳು. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಮಗಳು ರಶ್ಮಿಯ ಹುಟ್ಟುಹಬ್ಬಕ್ಕೆ ಪೇಟೆಯಿಂದ ಕೇಕು ತಂದಿದ್ದೆವು. ನಮ್ಮವ್ವ ಎರಡು ತುಂಡು ತಿಂದು, ಮೂರನೆಯದಕ್ಕೆ ಕೈಚಾಚುವಾಗ, “ಅದೇನಾಕವ್ರೆ, ಇಷ್ಟು ಮೆತ್ತಗದೆ?” ಎಂದು ಕೇಳಿದಳು. ಯಾವುದೋ ಮಗು “ಮೊಟ್ಟೆ ಅಜ್ಜಿ” ಎಂದುಬಿಟ್ಟಿತು. ಲಿಂಗ ಕಟ್ಟಿದ ಮನೆಯಲ್ಲಿ ಆಮೇಲೆ ಏನಾಯಿತೆಂದು ಹೇಳಬೇಕಾಗಿಲ್ಲ. ಬಂದ ಮಕ್ಕಳು ಚಪ್ಪಲಿ ಹುಡುಕಿಕೊಂಡು ಓಡಿದರು, ರಶ್ಮಿ ಅತ್ತು ಅತ್ತು ಜ್ವರ ಬರಿಸಿಕೊಂಡಳು. ಈ ಸಲ “ನಮ್ಮಮ್ಮನೇ ಕೇಕ್ ಮಾಡ್ತಾಳೆ” ಎಂದು ಹದಿನೈದು ಜನ ಗೆಳತಿಯರ ಮುಂದೆ ಹೇಳಿಕೊಂಡು ಬಂದಿದ್ದಳು. ಕೇಕು ಚೆನ್ನಾಗಿ ಬರದಿದ್ದರೆ ಹುಡುಗಿ ಸ್ಕೂಲಿನಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ಮೊದಲ ಪ್ರಯೋಗದ ದಿನ ಗಿರಿಜಾ ಓವನ್ನಿನ ಸ್ವಿಚ್ಚು ಹಾಕಿ ಸುಮ್ಮನೆ ನಿಂತಳು. ಒಳಗೆ ಏನೂ ಇಲ್ಲ. “ಹತ್ತು ನಿಮಿಷ ಬರೀ ಓವನ್ ಕಾಯಿಸ್ಬೇಕಂತೆ ಕಣ್ರೀ” ಎಂದಳು. ನಾನು ನಕ್ಕ ನಗು ಬೀದಿಗೆ ಕೇಳಿರಬೇಕು. ಊರು ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಕರೆಂಟು ನೆಂಟರ ಹಾಗೆ ಮಧ್ಯಾಹ್ನ ಬಂದು, ಕಾಫಿ ಹೊತ್ತಿಗೆ ಎದ್ದು ಹೋಗುತ್ತಿತ್ತು. ಇರುವ ಎರಡು ಗಂಟೆಯಲ್ಲಿ ಹತ್ತು ನಿಮಿಷ ಖಾಲಿ ಪೆಟ್ಟಿಗೆಗೆ ಶಾಖ ಕೊಡುವುದು ಯಾವ ಸೀಮೆಯ ಜಾಣತನ? ಹೇಗೂ ಕಾಯಬೇಕಾದ್ದು ಹಿಟ್ಟು. ಪೆಟ್ಟಿಗೆಯ ಜೊತೆಗೆ ಅದೂ ಕಾಯುತ್ತದೆ, ಅಷ್ಟೆ. ಇದನ್ನು ನಾನು ಬೆರಳು ಮಡಿಸಿ ಮಡಿಸಿ ವಿವರಿಸಿದೆ. ಅವ್ವನಿಗೆ ವಿಜ್ಞಾನ ಬೇಕಿರಲಿಲ್ಲ. “ಬರೀ ಒಲೆ ಉರುಸ್ಬಾರ್ದು ಕಣಮ್ಮಿ, ಮನೆಗೆ ಆಗ್ಬರಕಿಲ್ಲ. ಬೇಯ್ಸಕ್ಕೆ ಗತಿ ಇಲ್ದೋರ ಮನೇಲಿ ಬರೀ ಒಲೆ ಉರೀತದೆ” ಎಂದಳು. ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಅವ್ವನೂ ನಾನೂ ಒಂದೇ ಪಕ್ಷಕ್ಕೆ ಸೇರಿದ್ದು ಅದೇ ಮೊದಲು. ಗಿರಿಜಾ ಹಿಟ್ಟು ಹುಯ್ದ ಟಿನ್ನನ್ನು ಇನ್ನೂ ಕಾಯದ ಓವನ್ನಿನೊಳಗೆ ಇಟ್ಟಳು.

ಹೊರಗೆ ಬಂದದ್ದನ್ನು ಕೇಕು ಎಂದು ಕರೆಯಲು ಧೈರ್ಯ ಬೇಕಿತ್ತು. ನಾನು ತಕ್ಷಣ ಸೋಡ ಹಳೆಯದು ಎಂದು ತೀರ್ಪು ಕೊಟ್ಟೆ. ಗಿರಿಜಾ ಎಸ್‌ಟಿಡಿ ಬೂತಿಗೆ ಹೋಗಿ ಗುಂಡ್ಲುಪೇಟೆಗೆ ಫೋನು ಮಾಡಿ ಬಂದಳು. “ಭಟ್ಟಿ ಕಾಯದೆ ನಾವು ಒಂದು ಬನ್ನೂ ಒಳಗೆ ಇಡಲ್ಲ, ನಿಮ್ಮ ಮೇಷ್ಟ್ರಿಗೆ ಹೇಳಿ” ಎಂದಳಂತೆ ಬೇಕರಿಯಾಕೆ. ಬನ್ನು ಮಾರುವವಳಿಂದ ನಾನು ಪಾಠ ಹೇಳಿಸಿಕೊಳ್ಳಬೇಕು! ಊಟ ಮುಗಿಯುವ ತನಕ ಆ ಬೇಕರಿಯನ್ನೂ, ಅದರ ಭಟ್ಟಿಯನ್ನೂ, ಗುಂಡ್ಲುಪೇಟೆಯನ್ನೂ ಬಾಯಿಗೆ ಬಂದಂತೆ ಆಡಿಕೊಂಡೆ.

ಹುಟ್ಟುಹಬ್ಬದ ದಿನ ಗಿರಿಜಾ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಹದಿನೈದು ಮಕ್ಕಳಿಗೆಂದು ಎರಡು ಟಿನ್ನಿಗಾಗುವಷ್ಟು ಹಿಟ್ಟು ಕಲಸಿ, ಒಂದು ಟಿನ್ನಿಗೆ ಹುಯ್ದಿಟ್ಟಳು. ಸರಿಯಾಗಿ ಎರಡಕ್ಕೆ ಕರೆಂಟು ಬಂತು. ಸ್ವಿಚ್ಚು ಹಾಕಿ, “ರೀ, ನಾನು ಇವಳಿಗೆ ಜಡೆ ಹಾಕ್ತೀನಿ. ಹತ್ತು ನಿಮಿಷ ಆದ್ಮೇಲೆ ಟಿನ್ ಒಳಗಿಡಿ. ಹತ್ತು ನಿಮಿಷ ಆದ್ಮೇಲೆ!” ಎಂದು ಎರಡೆರಡು ಸಲ ಹೇಳಿ ಹೋದಳು. ನಾನು ಗಡಿಯಾರ ನೋಡಿದೆ, ಕೆಂಪು ದೀಪ ನೋಡಿದೆ. ಖಾಲಿ ಪೆಟ್ಟಿಗೆಯ ಮುಂದೆ ಕಾವಲು ಕೂರಲು ನಾನೇನು ಅದರ ಜವಾನನೇ? ಅವಳು ನಡುಮನೆ ದಾಟುವ ಮೊದಲೇ ಟಿನ್ನು ಒಳಗಿಟ್ಟು, ಮುಚ್ಚಳ ಹಾಕಿ, ಪೇಪರು ಹಿಡಿದುಕೊಂಡೆ. ಹತ್ತು ನಿಮಿಷ ಉಳಿಸಿದ ಹೆಮ್ಮೆಗೆ ಮೀಸೆ ಬೇರೆ ತಿರುವಿದೆ.

ಮುಚ್ಚಳ ತೆಗೆದಾಗ ಕೇಕು ನಡುವೆ ಕೆರೆಯ ಹಾಗೆ ತಗ್ಗಾಗಿ ಕೂತಿತ್ತು. ಚಾಕು ಹಾಕಿದರೆ ಅಂಟು ಅಂಟು. ಗಿರಿಜಾ ನನ್ನ ಮುಖ ನೋಡಿದಳು. ಹತ್ತು ನಿಮಿಷ ನಾನು ಕಾಯಲಿಲ್ಲವೆಂದು ತಿಳಿದುಹೋಯಿತು. ಎರಡನೆಯ ಟಿನ್ನು ತುಂಬುವಷ್ಟರಲ್ಲಿ ಆ ದಿನ ಮೂರಕ್ಕೇ ಕರೆಂಟು ಹೋಯಿತು. ಕಾದು ಕಾದು ನಾಲ್ಕೂವರೆಯಾದರೂ ಬರಲಿಲ್ಲ. ಹದಿನೈದು ಮಕ್ಕಳು ಗಲಗಲ ಎನ್ನುತ್ತ ಬಂದೇಬಿಟ್ಟರು. ರಶ್ಮಿ ಕೇಕನ್ನು ನೋಡಿ, ನನ್ನನ್ನು ನೋಡಿ, ಹೊಸ ಲಂಗದಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ನಿಜ ಹೇಳುತ್ತೇನೆ, ಆಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಗಿರಿಜಾ ಕಣ್ಣೊರೆಸಿಕೊಂಡು ಗ್ಯಾಸು ಹಚ್ಚಿ ದೋಸೆ ಹಂಚು ಇಟ್ಟಳು. ಉಳಿದ ಹಿಟ್ಟಿಗೆ ಒಂದು ಚಿಟಿಕೆ ಸೋಡ, ಸ್ವಲ್ಪ ಹಾಲು ಬೆರೆಸಿ ಸೌಟು ಎತ್ತಿದಳು. ಮಕ್ಕಳೆಲ್ಲ ಬಾಗಿಲಲ್ಲಿ ಗುಂಪುಗಟ್ಟಿ ನಿಂತರು. “ತಡಿಯಮ್ಮಿ, ಅಂಚು ಕಾಯ್ಲಿ, ಆತ್ರ ಬ್ಯಾಡ” ಎಂದಳು ಅವ್ವ. ನಾನೂ ಹೇಗಾದರೂ ಮಾಡಿ ಉಪಯೋಗಕ್ಕೆ ಬರಬೇಕೆಂದು ಮುಂದೆ ಬಂದು, ಹಂಚಿನ ಮೇಲೆ ನೀರು ಚಿಮುಕಿಸಿ, “ಇನ್ನೂ ಕಾದಿಲ್ಲ ಕಣೇ, ಈಗಲೇ ಹುಯ್ಯಬೇಡ” ಎಂದೆ.

“ಯಾಕಪ್ಪಾ ಹುಯ್ಯಬಾರದು?” ಅಳುತ್ತಲೇ ಕೇಳಿದಳು ರಶ್ಮಿ.

ಮೇಷ್ಟ್ರಿಗೆ ಅಷ್ಟು ಸಾಕಲ್ಲ. “ನೋಡು ಮಗು, ತಣ್ಣಗಿರುವಾಗ ಹಿಟ್ಟು ಹುಯ್ದರೆ ಶಾಖ ನಿಧಾನವಾಗಿ ಏರುತ್ತೆ. ಅಷ್ಟು ಹೊತ್ತಿಗೆ ಸೋಡದ ಗಾಳಿಯೆಲ್ಲ ಹೊರಟುಹೋಗಿ ಹಿಟ್ಟು ಕುಸಿದು ಕೂರುತ್ತೆ. ಮೊದಲೇ ಕಾದಿದ್ದರೆ, ಬಿದ್ದ ತಕ್ಷಣ ಗಟ್ಟಿಯಾಗಿ, ಗಾಳಿ ಒಳಗೇ ಸಿಕ್ಕಿಕೊಂಡು ಜುಮ್ ಅಂತ ಉಬ್ಬುತ್ತೆ. ಅದಕ್ಕೇ ಯಾವಾಗಲೂ ಮೊದಲು...”

ಅಷ್ಟರಲ್ಲಿ ನನ್ನ ಕಣ್ಣು ಪಕ್ಕದಲ್ಲಿದ್ದ ಓವನ್ನಿನ ಮೇಲೆ ಬಿತ್ತು.

“ಯಾಕೆ ನಿಲ್ಲಿಸಿಬಿಟ್ರಿ ಮೇಷ್ಟ್ರೇ?” ಗಿರಿಜಾ ಸೌಟು ಹಿಡಿದೇ ತಿರುಗಿದಳು. “ಹೇಳಿ, ಮಕ್ಕಳು ಕೇಳ್ತಿದ್ದಾವೆ. ಮೊದಲು ಏನ್ಮಾಡ್ಬೇಕು?”

ನಾನು ಸೀಲಿಂಗು ನೋಡಿದೆ. “ಮೊದಲು ಕಾಯಿಸ್ಬೇಕು ಸಾರ್!” ಎಂದು ಹದಿನೈದು ಮಕ್ಕಳೂ ಒಂದೇ ರಾಗದಲ್ಲಿ ಕೂಗಿದರು, ಎಲ್ಲರಿಗಿಂತ ಜೋರಾಗಿ, ಅಳು ಮರೆತು, ರಶ್ಮಿ. ನನ್ನ ಸರ್ವಿಸಿನಲ್ಲಿ ಇಡೀ ತರಗತಿ ಒಂದೇ ಪಾಠಕ್ಕೆ ಪಾಸಾದದ್ದು ಅದೊಂದೇ ದಿನ. ಫೇಲಾದವನು ಮೇಷ್ಟ್ರೊಬ್ಬನೇ.