ಮ್ಯಾಚ್ ಇಲ್ಲದ ತಿಂಗಳುಗಳ ಚಾಂಪಿಯನ್

ಮ್ಯಾಚ್ ಇಲ್ಲದ ತಿಂಗಳುಗಳಲ್ಲಿ ನಮ್ಮ ಮಾವನವರ ಫುಟ್‌ಬಾಲ್ ತಂಡವನ್ನು ಸೋಲಿಸುವ ಗಂಡು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ನಮ್ಮ ಲೀಗ್ ದಸರಾ ಕಳೆದ ಮೇಲೆ ಶುರುವಾಗಿ ಸಂಕ್ರಾಂತಿ ಹೊತ್ತಿಗೆ ಮುಗಿಯುತ್ತದೆ. ಸಂಕ್ರಾಂತಿಯಿಂದ ಮುಂದಿನ ದಸರಾವರೆಗೆ ನಮ್ಮ ತಂಡ ಅಜೇಯ. ಆಮೇಲೆ ಲೀಗ್ ಶುರುವಾಗುತ್ತದಲ್ಲ, ಅದೊಂದೇ ತೊಂದರೆ.

ಮಾವನವರು ಎಂದರೆ ನನ್ನ ಗಂಡನ ತಂದೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಜ್ಜನ ಕಾಲದ ಬಟ್ಟೆ ಅಂಗಡಿ, ಆಲ್ಕೊಳದಲ್ಲಿ ಮನೆ. ಇಂಥವರಿಗೂ ಭದ್ರಾವತಿಯ ಫುಟ್‌ಬಾಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಕೇಳಿದ್ದೆ. ಪ್ರಾಯದಲ್ಲಿ ಅಲ್ಲಿನ ಕಾರ್ಖಾನೆ ಕಾಲೊನಿಯ ತಂಡವೊಂದಕ್ಕೆ ಜೆರ್ಸಿ ಬಟ್ಟೆ ತಲುಪಿಸಲು ಹೋದವರು, ಹೇಗೂ ಬಂದಾಗಿದೆ, ಮ್ಯಾಚ್ ನೋಡಿಕೊಂಡೇ ಹೋಗೋಣ ಎಂದು ಕೂತರಂತೆ. ಆವತ್ತು ಕೂತವರು ಇನ್ನೂ ಎದ್ದಿಲ್ಲ. ತಂಡದ ಹೆಸರನ್ನು ಮಾತ್ರ ನಾನು ಹೇಳುವುದಿಲ್ಲ. ಆಟಗಾರರಿಗೂ ಹೆಂಡತಿ ಮಕ್ಕಳಿದ್ದಾರೆ, ಪಾಪ!

ಲೀಗಿನಲ್ಲಿ ಎ ಮತ್ತು ಬಿ ಎಂದು ಎರಡು ಡಿವಿಷನ್. ನಮ್ಮವರು ಬಿ ಡಿವಿಷನ್. ಅದರಲ್ಲೂ ಪಟ್ಟಿಯನ್ನು ಕೆಳಗಿನಿಂದ ಓದಿದರೆ ಬೇಗ ಸಿಗುತ್ತಾರೆ. ಕೆಳಗೆ ಸಿ ಡಿವಿಷನ್ ಇಲ್ಲದ್ದರಿಂದ ಇನ್ನೂ ಬೀಳಲು ಸಾಧ್ಯವಾಗದೆ ಅಲ್ಲೇ ಉಳಿದಿದ್ದಾರೆ. ಹೋದ ಸೀಸನ್ನಿನಲ್ಲಂತೂ ಆಳು ಸಾಲದೆ ಒಂದೆರಡು ಮ್ಯಾಚುಗಳನ್ನು ಆಡದೆಯೇ ಬಿಟ್ಟುಕೊಟ್ಟರು. ಅದಕ್ಕೇ ಈ ವರ್ಷ ಲೀಗಿನ ಕಾರ್ಯದರ್ಶಿಗಳು ಫೋನ್ ಮಾಡಿ ಖಡಾಖಂಡಿತವಾಗಿ ಹೇಳಿಬಿಟ್ಟರು: ಶ್ರಾವಣ ಹುಟ್ಟುವುದರೊಳಗೆ ಹನ್ನೊಂದು ಜನರ ಹೆಸರು ಬರೆಸಬೇಕು. ಇಲ್ಲದಿದ್ದರೆ ಲೀಗಿನಿಂದ ತಂಡದ ಹೆಸರನ್ನೇ ತೆಗೆದುಹಾಕುತ್ತೇವೆ.

ಮಾವನವರು ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡರು. ಆಮೇಲೆ ಏನು ಕೇಳಿದರು ಗೊತ್ತೆ?

"ಅದಿರ್ಲಿ ಸಾರ್, ನಾವು ಎ ಡಿವಿಷನ್‌ಗೆ ಬಂದ್ಮೇಲೆ ಮ್ಯಾಚು ಬೆಳಿಗ್ಗೆನೋ, ಸಾಯಂಕಾಲನೋ? ಅಂಗಡಿ ಬಾಗಿಲು ತೆಗೆಯೋ ಹೊತ್ತು ನೋಡ್ಕೋಬೇಕು."

ಆ ಕಡೆಯಿಂದ ಫೋನ್ ಕಟ್ ಆಯಿತು.

ಇಷ್ಟೊಂದು ಭರವಸೆ ಎಲ್ಲಿಂದ ಬರುತ್ತದೆ? ಲೆಕ್ಕದಿಂದ! ಅವರ ಲೆಕ್ಕವೇ ಬೇರೆ. ಹೋದ ವರ್ಷ ಒಂದು ಮ್ಯಾಚಿನಲ್ಲಿ ಆರು ಗೋಲು ತಿಂದಿದ್ದೆವು. ಅದೇ ತಂಡದ ಮೇಲೆ ಅದರ ಹಿಂದಿನ ವರ್ಷ ತಿಂದದ್ದು ಒಂಬತ್ತು. "ಅಂದ್ರೆ ಏನರ್ಥ? ವರ್ಷಕ್ಕೆ ಮೂರು ಗೋಲು ಸುಧಾರಿಸ್ತಾ ಇದ್ದೀವಿ. ಇನ್ನೆರಡು ವರ್ಷಕ್ಕೆ ಸಮ. ಮೂರನೇ ವರ್ಷ ಅವರಿಗೇ ಮೂರು!" ಎಂದು ಬೆಳಗಿನ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕುತ್ತಾರೆ. ಅಷ್ಟರಲ್ಲಿ ಅತ್ತೆಯವರು ಒಳಗಿಂದ ಬಂದು ಅದೇ ಲೋಟ ಎತ್ತಿಕೊಂಡು ಹೋಗುತ್ತಾರೆ.

"ಮಾರಾಯ್ತಿ, ನಮ್ಮ ಟೀಮು ಅಂದ್ರೆ ಒಳ್ಳೇ ಮಿಲ್ ಬಟ್ಟೆ ಇದ್ದಂಗೆ. ಎಷ್ಟು ಒಗೆದ್ರೂ ಬಣ್ಣ ಬಿಟ್ಟಿಲ್ಲ, ನೋಡು."

"ಬಣ್ಣ ಬಿಟ್ಟಿಲ್ಲ, ನಿಜ. ಬಟ್ಟೆನೇ ಇಲ್ವಲ್ರೀ ಉಳಿದಿರೋದು!"

ಅತ್ತೆಯವರಿಗೆ ಫುಟ್‌ಬಾಲ್ ಎಂದರೆ ಅಷ್ಟಕ್ಕಷ್ಟೆ ಎಂದು ನಾವೆಲ್ಲ ತಿಳಿದಿದ್ದೆವು. ಆದರೆ ಫ್ಲೆಕ್ಸ್ ವಿಷಯದಲ್ಲಿ ಅವರಿಗೆ ಲಾಭವಾಯಿತೆಂದು ಒಪ್ಪಬೇಕು. ನಮ್ಮೂರಲ್ಲಿ ಯಾರು ಏನಾದರೂ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏಳುತ್ತದಲ್ಲ, ಹಾಗೆ ಮಾವನವರೂ ಒಂದು ಬೇಸಿಗೆಯಲ್ಲಿ ದೊಡ್ಡದೊಂದು ಅಭಿನಂದನಾ ಫ್ಲೆಕ್ಸ್ ಮಾಡಿಸಿದರು. 'ಎ ಡಿವಿಷನ್‌ಗೆ ಏರಿದ ನಮ್ಮ ಹೆಮ್ಮೆಯ ತಂಡಕ್ಕೆ ಹಾರ್ದಿಕ ಅಭಿನಂದನೆಗಳು.' ಮೇಲೆ ಇಡೀ ತಂಡ, ಕೆಳಗೆ ಸಾಲಾಗಿ ಶುಭ ಕೋರುವವರ ಫೋಟೊ. ಆ ಸಾಲಿನಲ್ಲಿ ರೆಫರಿಯ ಫೋಟೊ ಕೂಡ ಇತ್ತು! ಇನ್ನೂ ಲೀಗೇ ಶುರುವಾಗಿಲ್ಲವಲ್ಲ ಮಾವ ಎಂದರೆ, "ಚುನಾವಣೆ ಈಗಷ್ಟೇ ಮುಗಿದಿದೆ ಅಮ್ಮಾ, ಫ್ಲೆಕ್ಸಿನವರು ಖಾಲಿ ಕೂತಿದ್ದಾರೆ. ಗೆದ್ದ ಮೇಲೆ ಹೋದ್ರೆ ರಶ್ ಇರ್ತದೆ" ಎಂದರು. ರಶ್ಶಿನ ಭಯ ಇನ್ನೂ ಬಂದಿಲ್ಲ. ಫ್ಲೆಕ್ಸ್ ಮಹಡಿಯ ಮೇಲಿದೆ, ಅತ್ತೆಯವರು ಅದರ ಮೇಲೆ ಸಂಡಿಗೆ ಒಣಗಿಸುತ್ತಾರೆ. ಕ್ಯಾಪ್ಟನ್ನರ ಮುಖದ ಮೇಲೆ ಇಟ್ಟ ಸಂಡಿಗೆ ಬೇಗ ಒಣಗುತ್ತದಂತೆ.

ಇನ್ನು ಜಾತಕದ ಕತೆ. ಎಲ್ಲರ ಮನೆಯಲ್ಲೂ ಯುಗಾದಿ ದಿನ ಮನೆಮಂದಿಯ ರಾಶಿಫಲ ಕೇಳುತ್ತಾರೆ. ನಮ್ಮ ಮನೆಯಲ್ಲಿ ತಂಡದ್ದೂ ಕೇಳಬೇಕು! ಒಂದು ವರ್ಷ ಬೀದಿ ಕೊನೆಯ ಜೋಯಿಸರು ಪಂಚಾಂಗ ಬಿಚ್ಚಿಕೊಂಡು, ಜನನ ಕಾಲ ಬೇಕಲ್ಲ ಯಜಮಾನ್ರೇ ಎಂದು ತಪ್ಪಿಸಿಕೊಳ್ಳಲು ನೋಡಿದರು. ಮಾವನವರು ಬಿಟ್ಟಾರೆಯೆ? ತಂಡದವರು ಮೊದಲ ಸಲ ಬಾಲ್ ಒದ್ದದ್ದು ಕಾರ್ಖಾನೆಯ ಬೆಳಗಿನ ಸೈರನ್ ಆದ ಕೂಡಲೇ ಎಂದು ಹಳಬರನ್ನು ಕೇಳಿ ಗೊತ್ತು ಮಾಡಿಕೊಂಡು ಬಂದಿದ್ದರು. ಜೋಯಿಸರು ಬೆರಳು ಮಡಿಚಿದರು, ಬಿಡಿಸಿದರು, ಹುಬ್ಬು ಗಂಟಿಕ್ಕಿದರು.

"ಗುರುಬಲ ಏನೋ ಜೋರಾಗಿದೆ. ಆದ್ರೆ ಇದು ಮದುವೆಗೆ ಬರೋ ಗುರುಬಲ."

"ಯಾರ ಮದುವೆಗೆ?"

"ತಂಡದ್ದೇ!"

ಅಡುಗೆಮನೆಯಿಂದ ಅತ್ತೆಯವರ ದನಿ ಬಂತು: "ಹೋದ ವರ್ಷದ ಆಟ ನೋಡಿದವರು ಯಾರೂ ಹೆಣ್ಣು ಕೊಡಲ್ಲ, ಬಿಡಿ ಜೋಯಿಸರೇ."

ಆದರೆ ಆ ಗುರುಬಲ ಪೂರ್ತಿ ದಂಡವಾಗಲಿಲ್ಲ. ಅದೇ ಬೇಸಿಗೆಯಲ್ಲಿ ನನ್ನ ನಾದಿನಿಯನ್ನು ನೋಡಲು ಹೊಳೆಹೊನ್ನೂರಿನಿಂದ ಒಂದು ಗಂಡು ಬಂತು. ಹುಡುಗನಿಗೆ ಅಲ್ಲಿ ಗೊಬ್ಬರದ ಅಂಗಡಿ. ಒಳ್ಳೆಯ ಮನೆತನ, ಮೆಲು ಮಾತು. ಉಪ್ಪಿಟ್ಟು, ಕೇಸರಿಬಾತು ಎಲ್ಲ ಆಯಿತು. ಮಾವನವರು ಹುಡುಗನ ಓದು ಕೇಳಲಿಲ್ಲ, ವ್ಯಾಪಾರ ಕೇಳಲಿಲ್ಲ. ಒಂದೇ ಸಮನೆ ಅವನ ಕಾಲು ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಹೇಳಿದರು, "ಸ್ವಲ್ಪ ಎದ್ದು ಆ ಗೇಟಿನ ತನಕ ಓಡಿ ಬನ್ನಿ ನೋಡೋಣ."

ಹುಡುಗನ ತಾಯಿ ಕೆಂಡವಾದರು. "ನಮ್ಮ ಹುಡುಗನಿಗೆ ಯಾವ ಊನನೂ ಇಲ್ಲ!"

ಹೆಣ್ಣನ್ನು ನಡೆಸಿ ನೋಡುತ್ತಿದ್ದ ಕಾಲ ಹೋಯಿತು ಎಂದು ನಾವು ಖುಷಿಪಟ್ಟಿದ್ದೆವು. ಇಲ್ಲಿ ಗಂಡನ್ನೇ ಓಡಿಸಿ ನೋಡುವ ಕಾಲ ಬಂದಿತ್ತು! ಪಾಪ, ಹುಡುಗ ಎದ್ದು ಗರಿಗರಿ ಪ್ಯಾಂಟಿನಲ್ಲೇ ಓಡಿದ. ವಾಪಸ್ ಬರುವಾಗ ಮಾವನವರು ತಟ್ಟೆಯಲ್ಲಿದ್ದ ಮೂಸಂಬಿಯನ್ನು ಅವನ ಕಾಲ ಬಳಿಗೆ ಉರುಳಿಸಿದರು. ಗಾಬರಿಯಲ್ಲಿ ಅವನು ಅದನ್ನು ಒದ್ದೇಬಿಟ್ಟ.

"ಎಡಗಾಲು!" ಮಾವನವರು ಕುರ್ಚಿಯಿಂದ ಎದ್ದು ನಿಂತರು. "ಲೆಫ್ಟ್ ಔಟ್ ಸಿಕ್ಕಿದ!"

"ತಿನ್ನೋ ಹಣ್ಣನ್ನ ಒದೀಸ್ತೀರಲ್ರೀ, ನಿಮಗೇನು ಬಂತು!" ಎಂದು ಅತ್ತೆ ಮೂಸಂಬಿ ಎತ್ತಿಕೊಂಡು ಕಣ್ಣಿಗೊತ್ತಿಕೊಂಡರು. ಬಾಗಿಲ ಹಿಂದೆ ನಿಂತಿದ್ದ ನಾದಿನಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಓಡು ಎಂದ ಕೂಡಲೇ ಮರುಮಾತಿಲ್ಲದೆ ಓಡಿದನಲ್ಲ, ಇವನೇ ಸಾಕು ಎಂದು ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು. ಕಾರ್ತಿಕದಲ್ಲಿ ಒಳ್ಳೆಯ ಮುಹೂರ್ತವಿತ್ತು. ಆಗ ಲೀಗ್ ಇರುತ್ತದೆ ಎಂದು ಮಾವನವರು ಅದನ್ನು ತಳ್ಳಿಹಾಕಿ, ಅದಕ್ಕೂ ಮೊದಲೇ ಜ್ಯೇಷ್ಠದ ಸೆಕೆಯಲ್ಲಿ ಮದುವೆ ಮಾಡಿಸಿದರು. ಅಳಿಯಂದಿರು ಆ ವರ್ಷ ಒಂದು ಮ್ಯಾಚ್ ಆಡಿದರು. ಎಡಗಾಲಿನಲ್ಲಿ ಒಂದು ಗೋಲು ಹೊಡೆದರು ನೋಡಿ, ಅಂಥ ಗೋಲು ಯಾರೂ ಕಂಡಿರಲಿಲ್ಲ. ಯಾಕೆಂದರೆ ಅದು ನಮ್ಮದೇ ಗೋಲಿಗೆ! ಇಡೀ ಮೈದಾನ ಹಣೆ ಚಚ್ಚಿಕೊಳ್ಳುತ್ತಿದ್ದರೆ ಮಾವನವರೊಬ್ಬರೇ ಎದ್ದು ಚಪ್ಪಾಳೆ ತಟ್ಟಿದರು. "ಹೊಡೆದದ್ದು ನಮ್ಮ ಹುಡುಗನೇ ತಾನೇ? ಕಾಲು ಸರಿ ಇದೆ. ದಿಕ್ಕನ್ನ ಮುಂದಿನ ವರ್ಷ ಸರಿ ಮಾಡಿದ್ರಾಯ್ತು!"

ಹೀಗಿರುವ ಮಾವನವರು ಈ ಆಷಾಢದ ಒಂದು ಭಾನುವಾರ ಬೆಳಿಗ್ಗೆ, "ನಡಿಯಮ್ಮ, ಭದ್ರಾವತಿಗೆ ಹೋಗಿ ಕ್ಯಾಪ್ಟನ್ನ ನೋಡ್ಕೊಂಡು ಬರೋಣ. ಹೆಸರು ಬರೆಸೋ ದಿನ ಹತ್ತಿರ ಬಂತು" ಎಂದರು. ನನ್ನ ಸ್ಕೂಟರಿನ ಹಿಂದೆ ಕೂತರೆ ಅವರಿಗೆ ದಾರಿಯೇ ಕಾಣುವುದಿಲ್ಲ. ದಾರಿಯಲ್ಲಿ ಹೋಗುವವರ ಕಾಲುಗಳು ಮಾತ್ರ ಕಾಣುತ್ತವೆ.

"ನಿಲ್ಸು ನಿಲ್ಸು! ಆ ಮೂಟೆ ಹೊತ್ತಿರೋ ಹುಡುಗನ ತೊಡೆ ನೋಡು!"

"ಮಾವ, ನಾನು ನಿಮ್ಮ ಮನೆ ಸೊಸೆ. ನಡುರಸ್ತೆಯಲ್ಲಿ ನಿಂತು ಗಂಡುಹುಡುಗರ ತೊಡೆ ನೋಡ್ತಿದ್ರೆ ಜನ ಏನಂದ್ಕೋತಾರೆ?"

"ಟೀಮಿಗೋಸ್ಕರ ಅಂತ ಹೇಳಮ್ಮ, ಅದಕ್ಕೇನು!"

ಕ್ಯಾಪ್ಟನ್ ಅಂದರೆ ಈಗ ಆಡುವವರಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಆಟ ಬಿಟ್ಟು ಹುಡುಗರಿಗೆ ಕಲಿಸುತ್ತಾರೆ, ವಾರವೆಲ್ಲ ವೆಲ್ಡಿಂಗ್ ಅಂಗಡಿ ನಡೆಸುತ್ತಾರೆ. ಅವರ ತಾತ ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ನಾವು ಹೋದಾಗ ಮೈದಾನದ ಅಂಚಿನ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಎದುರಿಗೆ ಗೋಲು ಕಂಬಗಳ ನಡುವೆ ಮೊಣಕಾಲುದ್ದ ಹುಲ್ಲು. ಆಚೆ ಸಾಲು ಸಾಲು ಕ್ವಾರ್ಟರ್ಸುಗಳಲ್ಲಿ ಬಾಗಿಲು ಹಾಕಿದವೇ ಹೆಚ್ಚು.

"ವಾಂಗ ಸಾರ್, ಕೂತ್ಕೊಳ್ಳಿ" ಎಂದರು ಕ್ಯಾಪ್ಟನ್. "ಎಂಟೇ ಜನ ಸಾರ್. ಮಿಕ್ಕಿದ ಹುಡುಗ್ರೆಲ್ಲ ಕೆಲ್ಸ ಹುಡುಕ್ಕೊಂಡು ತಿರುಪ್ಪೂರು, ಹೊಸೂರು ಅಂತ ಹೋಗ್ಬಿಟ್ರು. ಎಷ್ಟು ಮನೆ ಬಾಗಿಲು ತಟ್ಟೋದು? ಬಿಟ್ಬಿಡಣ ಸಾರ್. ನಾನೇ ಲೀಗಲ್ಲಿ ಹೋಗಿ ಹೇಳ್ಬಿಡ್ತೀನಿ."

ಮಾವನವರು ಈಗೇನೋ ಒಂದು ಹೇಳುತ್ತಾರೆ, ನಾನು ಮುಖ ತಿರುಗಿಸಿ ನಗಬೇಕಾಗುತ್ತದೆ ಎಂದು ತಯಾರಾಗಿ ನಿಂತೆ. ಅವರು ಹುಲ್ಲು ಬೆಳೆದ ಗೋಲಿನ ಕಡೆ ನೋಡಿದರು. ಆಮೇಲೆ, "ಆಗ್ಲಪ್ಪ" ಎಂದರು. ಅಷ್ಟೇ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದು ಮಾತಿಲ್ಲ. ಸಿಗ್ನಲ್ಲಿನಲ್ಲಿ ಆನೆಯಂಥ ಹುಡುಗನೊಬ್ಬ ರಸ್ತೆ ದಾಟಿದ. ನಾನೇ ಮಾನ ಮರ್ಯಾದೆ ಬಿಟ್ಟು, "ಮಾವ, ತೊಡೆ ನೋಡಿ!" ಎಂದೆ. ಅವರು ನೋಡಲಿಲ್ಲ. ಇಷ್ಟು ವರ್ಷ ಯಾವ ಮಾತು ನಿಂತರೆ ಸಾಕಪ್ಪ ಎನ್ನುತ್ತಿದ್ದೆವೋ ಅದು ನಿಂತಾಗ ಇಷ್ಟು ಸಂಕಟವಾಗುತ್ತದೆಂದು ಗೊತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತೆವು. ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಅವರಿಗೆ ಪ್ರಾಣ. ರೊಟ್ಟಿ ಮುರಿದರು, ಬಾಯಿಗಿಡಲಿಲ್ಲ. ಅತ್ತೆ ನನ್ನ ಮುಖ ನೋಡಿದರು, ನಾನು ಇಲ್ಲವೆಂದು ತಲೆಯಾಡಿಸಿದೆ.

"ಎಷ್ಟು ಜನ ಅಂತೆ?" ಅತ್ತೆ ಕೇಳಿದರು.

"ಎಂಟು."

ಅತ್ತೆ ಸೌಟು ಕೆಳಗಿಟ್ಟರು. "ಒಳ್ಳೇದೇ ಆಯ್ತಲ್ಲ. ಎಂಟೇ ಜನ ಅಂದ್ರೆ ಮೈದಾನದಲ್ಲಿ ಓಡಾಡೋಕೆ ಜಾಗ ಜಾಸ್ತಿ ಸಿಗ್ತದೆ."

ನನ್ನ ಗಂಡನ ಕೈಯ ತುತ್ತು ಅಲ್ಲೇ ನಿಂತಿತು. ಇದು ಮಾವನವರು ಹೇಳಬೇಕಾದ ಮಾತು! ಅತ್ತೆ ಮಾತ್ರ ನಿಲ್ಲಿಸಲಿಲ್ಲ. "ಆ ರೈಟ್ ಔಟ್ ಹುಡುಗ ಹೋದ ಸಲ ಪೂರ್ತಿ ಜ್ವರದಲ್ಲೇ ಆಡಿದ, ಈ ಸಲ ಗುಂಡುಕಲ್ಲಿನಂಗಿದ್ದಾನೆ. ಹಿಂದೆ ನಿಲ್ಲೋ ಅಣ್ಣ ತಮ್ಮಂದಿರು ಜಗಳ ಆಡ್ಕೊಂಡು ಒಬ್ರಿಗೊಬ್ರು ಬಾಲ್ ಕೊಡ್ತಿರ್ಲಿಲ್ಲ. ಅವರಕ್ಕನ ಮದುವೇಲಿ ರಾಜಿ ಆಯ್ತಲ್ಲ? ಇನ್ನೇನು ಬೇಕು?" ಇದೆಲ್ಲ ಅತ್ತೆಗೆ ಹೇಗೆ ಗೊತ್ತು! ಆಮೇಲೆ ಮಗನ ಕಡೆ ತಿರುಗಿದರು. "ನೀನು ಗಲ್ಲಾ ಮೇಲೆ ಕೂತು ಕೂತು ಹೊಟ್ಟೆ ಬೆಳೆಸಿದ್ದೀಯ. ಗೋಲಲ್ಲಿ ನಿಂತ್ರೆ ಅರ್ಧ ಗೋಲು ಮುಚ್ಚಿಹೋಗ್ತದೆ. ಹೆಸರು ಬರೆಸು."

ಹುಟ್ಟಿದಾಗಿನಿಂದ ಫುಟ್‌ಬಾಲಿನಿಂದ ದೂರ ಓಡಿದ ನನ್ನ ಗಂಡ ಒಮ್ಮೆ ಅಪ್ಪನನ್ನು ನೋಡಿದರು. "ಆಯ್ತಮ್ಮ" ಎಂದರು.

"ಅಳಿಯಂದಿರಿಗೆ ನಾನೇ ಫೋನ್ ಮಾಡ್ತೀನಿ, ಹತ್ತಾಯ್ತು. ಆ ಕ್ಯಾಪ್ಟನ್‌ಗೂ ಬೂಟು ಹಾಕ್ಕೊಳ್ಳೋಕೆ ಹೇಳಿ. ಮೊಣಕಾಲು ನೋವಿದ್ರೆ ನಿಂತ್ಕೊಂಡೇ ಆಡ್ಲಿ, ನಮ್ಮವರು ಓಡಿದ್ದಾದ್ರೂ ಯಾವಾಗ? ಹನ್ನೊಂದಾಯ್ತಲ್ಲ!"

ಹೆಸರುಗಳು ಮರುದಿನವೇ ಲೀಗಿಗೆ ಹೋದವು. ತಂಡ ಉಳಿಯಿತು. ನನ್ನ ಗಂಡನ ಅಳತೆಗೆ ಗೋಲ್‌ಕೀಪರ್ ಜೆರ್ಸಿ ಸಿಗದೆ ಅಂಗಡಿಯ ಬಟ್ಟೆಯಲ್ಲೇ ಹೊಲಿಸುತ್ತಿದ್ದೇವೆ. ದಸರಾ ಇನ್ನೂ ದೂರವಿದೆ, ಹಾಗಾಗಿ ಸದ್ಯ ನಾವು ಅಜೇಯರು.

ಆದರೆ ಆ ಮಧ್ಯಾಹ್ನದ್ದು ಇನ್ನೊಂದು ಮಾತು ಉಳಿಯಿತು. ನನ್ನ ಗಂಡ ಕೈತೊಳೆಯಲು ಎದ್ದರು. ನಾನು ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಮಾವನವರು ಮೆಲ್ಲಗೆ ಕೇಳಿದ್ದು ಅಲ್ಲಿಗೂ ಕೇಳಿಸಿತು.

"ಇಷ್ಟೆಲ್ಲ ಗೊತ್ತಿದ್ದೂ ಇಷ್ಟು ವರ್ಷ ಒಂದು ದಿನಾನೂ ನಂಗೆ ಹೇಳ್ಲಿಲ್ವಲ್ಲ ನೀನು?"

"ಹೇಳೋಕೆ ನೀವು ಬಾಯಿ ಮುಚ್ಚಿದ್ರೆ ತಾನೇ! ಇವತ್ತೇ ಮೊದಲನೇ ಸಲ ಮುಚ್ಚಿದ್ದು." ಅತ್ತೆಯ ದನಿ ತಗ್ಗಿತು. "ನಂಗೆ ಹೆದರಿಕೆ ಆಗೋಯ್ತು ಕಣ್ರೀ."