ಸೂರ್ಯನ ಜೊತೆ ಮಾತು ಬಿಟ್ಟ ಕಾಕಾ

ನಮ್ಮ ಕಾಕಾ ಸೂರ್ಯನ ಜೊತೆ ಮಾತು ಬಿಟ್ಟಿದ್ದಾನೆ. ಯಾವಾಗ ಬಿಟ್ಟ, ಯಾಕೆ ಬಿಟ್ಟ, ತಪ್ಪು ಯಾರದು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟರೆ ಹಿರಿಯರು ನಡುವೆ ಕೂತು ರಾಜಿ ಮಾಡಿಸಬಹುದು. ಇವರಿಬ್ಬರ ನಡುವೆ ಕೂರುವವರು ಯಾರು? ಒಬ್ಬ ಕುಷ್ಟಗಿಯಲ್ಲಿದ್ದಾನೆ, ಇನ್ನೊಬ್ಬ ಕುಷ್ಟಗಿಯ ನೆತ್ತಿಯ ಮೇಲಿದ್ದಾನೆ! ಅದೂ ಬೇಸಿಗೆ ಬಂತೆಂದರೆ ಇನ್ನಷ್ಟು ಕೆಳಗಿಳಿದು ನಮ್ಮ ಮಾಳಿಗೆಯ ಮೇಲೇ ಕೂತಿರುತ್ತಾನೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ತಲೆಗೆ ಟವೆಲ್ಲು, ಕಣ್ಣಿಗೆ ಕಪ್ಪು ಕನ್ನಡಕ, ಕಂಕುಳಲ್ಲಿ ಕೊಡೆ, ಇದು ಅವನ ವೇಷ. ಅವನು ಬೀದಿಯಲ್ಲಿ ನಡೆಯುವುದನ್ನು ನೀವು ಒಮ್ಮೆ ನೋಡಬೇಕು. ಅಂಗಡಿಯ ತಗಡಿನ ನೆರಳಿನಿಂದ ಬೇವಿನ ಮರದ ನೆರಳಿಗೆ, ಅಲ್ಲಿಂದ ನಿಂತ ಲಾರಿಯ ನೆರಳಿಗೆ, ಲಾರಿ ಹೊರಟಿತೋ, ಅದರ ಜೊತೆಗೇ ಒಂದಷ್ಟು ದೂರ! ಚಹಾ ಕುಡಿಯಲು ಹೊರಟವನು ಎಷ್ಟೋ ಸಲ ಪೇಟೆಯ ಇನ್ನೊಂದು ತುದಿಯಲ್ಲಿ ಸಿಕ್ಕಿದ್ದುಂಟು. ಪಡುವಣಕ್ಕೆ ಬಾಗಿಲಿರುವ ಗೆಳೆಯರ ಮನೆಗೆ ಅವನು ಮಧ್ಯಾಹ್ನದ ಮೇಲೆ ಹೋಗುವುದಿಲ್ಲ. ಅಂಥ ಮನೆಯ ಗೆಳೆಯನೊಬ್ಬ ಸಂಜೆ ಹೊತ್ತಿಗೆ ಮಗಳ ನಿಶ್ಚಿತಾರ್ಥ ಇಟ್ಟುಕೊಂಡಾಗ ಕಾಕಾ ಬೆಳಗ್ಗೆಯೇ ಹೋಗಿ ಹರಸಿ ಬಂದ. ಗಂಡಿನವರು ಇನ್ನೂ ಊರೇ ಬಿಟ್ಟಿರಲಿಲ್ಲ.

ಬಸ್ಸಿನಲ್ಲಿ ಇನ್ನೂ ಚೆಂದ. ಗಂಗಾವತಿಗೆ ಹೊರಟರೆ ಬಿಸಿಲು ಯಾವ ಬದಿಗೆ ಬೀಳುತ್ತದೆಂದು ಲೆಕ್ಕ ಹಾಕಿ ಕೂರುತ್ತಾನೆ. ಕನಕಗಿರಿ ಬಂದು ರಸ್ತೆ ತಿರುಗಿತೆನ್ನಿ, ಎದ್ದು ಆ ಬದಿಯವರನ್ನು ಈ ಬದಿಗೆ ಕಳಿಸಿ ತಾನು ಅಲ್ಲಿ ಕೂರುತ್ತಾನೆ. ಮತ್ತೆ ತಿರುಗಿದರೆ ಮತ್ತೆ ಅದೇ ಕಥೆ. ಒಂದು ಸಲ ಕಂಡಕ್ಟರು ಬೇಸತ್ತು ಕೇಳಿದ:

"ಯಜಮಾನ್ರ, ಎರಡು ಟಿಕೀಟ ಹರೀಲೇನ್ರಿ? ಎಡಕ್ಕೊಂದು, ಬಲಕ್ಕೊಂದು?"

"ನನಗ್ಯಾಕ್ರಿ? ಡ್ರೈವರಗ ಹೇಳ್ರಿ, ಬಸ್ ನೆಟ್ಟಗ ಹೊಡಿ ಅಂತ!" ಎಂದನಂತೆ ಕಾಕಾ.

ಇಂಥವನು ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಹೇಳಿ? ಶಾಮಿಯಾನ ಬಾಡಿಗೆಗೆ ಕೊಡುತ್ತಾನೆ! ಹನುಮಸಾಗರದವರೆಗೂ ಯಾರ ಮನೆಯಲ್ಲಿ ಮದುವೆಯಾದರೂ ಹಂದರ ಹಾಕುವವನು ಅವನೇ. ಬಿಸಿಲಿನ ಮೇಲಿನ ಸಿಟ್ಟಿಗೆ ಈ ಕಸುಬು ಹಿಡಿದನೋ, ಈ ಕಸುಬು ಹಿಡಿದ ಮೇಲೆ ಸಿಟ್ಟು ಹತ್ತಿತೋ ಎಂಬ ಕುತೂಹಲ ನನಗೆ ಚಿಕ್ಕಂದಿನಿಂದಲೂ ಇದೆ. ಕೇಳಿದರೆ, "ಅದನ್ನ ನನ್ನೇನು ಕೇಳ್ತಿ, ಮ್ಯಾಲ ಅದಾನಲ್ಲ, ಅವನ್ನ ಕೇಳು" ಎನ್ನುತ್ತಾನೆ. ಊರಿನ ಮದುವೆಗಳಿಗೆಲ್ಲ ನೆರಳು ಕೊಟ್ಟವನು ತಾನು ಮಾತ್ರ ಮದುವೆಯಾಗಲಿಲ್ಲ. ಯಾಕೆ ಎಂದರೆ ಅದಕ್ಕೂ ಉತ್ತರ ಸಿದ್ಧ:

"ಮದಿವಿ ಸೀಜನ್ನಿನ್ಯಾಗ ನನಗ ಪುರುಸೊತ್ತ ಎಲ್ಲಿತ್ತವ್ವಾ?"

ಈ ಸಲದ ಬೇಸಿಗೆ ರಜೆಗೆ ನಾನು, ನನ್ನ ಗಂಡ, ಎಂಟು ತಿಂಗಳ ಮಗಳು ಬೆಳಗಾವಿಯಿಂದ ತವರಿಗೆ ಬಂದೆವು. ಬಸ್ಸಿಳಿದ ಕೂಡಲೇ ಕಾಕಾ ಕೊಡೆ ಬಿಚ್ಚಿ ಓಡಿ ಬಂದ. ಕೂಸು ಅವನನ್ನು ನೋಡಿತು. ಕೆಳದುಟಿ ಮುಂದೆ ಬಂತು. ಆಮೇಲೆ ಬಸ್‌ಸ್ಟ್ಯಾಂಡಿನ ಮೈಕನ್ನೂ ಮೀರಿಸುವ ಅಳು!

ದಾರಿಯ ದಣಿವು ಎಂದುಕೊಂಡೆವು. ದಣಿವಲ್ಲ. ಹಾಲಿನವನು ಕೈ ಚಾಚಿದರೆ ಹೋಗುತ್ತಾಳೆ, ಬಳೆ ಮಾರುವ ಚಾಚಿ ಎತ್ತಿಕೊಂಡರೆ ಕಿಲಕಿಲ ನಗುತ್ತಾಳೆ, ಕಾಕಾ ಬಾಗಿಲಲ್ಲಿ ಕಂಡರೆ ಸಾಕು, ಶುರು! ಅವನು ಕಪ್ಪು ಕನ್ನಡಕ ತೆಗೆದ. ಅಳು ನಿಲ್ಲಲಿಲ್ಲ. ಟವೆಲ್ಲು ಬಿಚ್ಚಿದ. ಅಳು ಹೆಚ್ಚಾಯಿತು.

"ಮೀಸಿ ತಗದು ನೋಡು" ಎಂದಳು ಅವ್ವ ತಮಾಷೆಗೆ.

ಮರುದಿನ ಬೆಳಗ್ಗೆ ಅಡುಗೆಮನೆಗೆ ಯಾರೋ ಅಪರಿಚಿತರು ನುಗ್ಗಿದ್ದಾರೆಂದು ಅವ್ವನೇ ಚೀರಿಕೊಂಡಳು. ಕಾಕಾ! ಮೀಸೆಯಿಲ್ಲದ ಕಾಕಾ! ಕೂಸು ಅವನನ್ನು ತುಂಬಾ ಹೊತ್ತು ದಿಟ್ಟಿಸಿ ನೋಡಿತು. ನಾವೆಲ್ಲ ಉಸಿರು ಬಿಗಿ ಹಿಡಿದು ನಿಂತೆವು. ಆಮೇಲೆ ಅದು ಹಿಂದೆಂದೂ ಅಳದ ಹಾಗೆ ಅತ್ತಿತು.

ನಾವು ನಕ್ಕೂ ನಕ್ಕೂ ಸುಸ್ತಾದೆವು. ಅವನೂ ನಕ್ಕ. ಆದರೆ ಆಮೇಲೆ ಹಿತ್ತಲಲ್ಲಿ ನನ್ನೊಬ್ಬಳಿಗೇ ಕೇಳುವಂತೆ ಹೇಳಿದ: "ರಜಾ ಮುಗಿಯೂದ್ರಾಗ ಒಮ್ಮೆ ನನ್ನ ಕಡೆ ಬಂದ್ರ ಸಾಕು ನೋಡವ್ವಾ. ಎತ್ತಿಕೊಳ್ಳೂದೂ ಬ್ಯಾಡ. ನನ್ನ ನೋಡಿ ಅಳದಿದ್ರ ಸಾಕು." ಹೆತ್ತ ಮಗಳಾದರೇನು, ಆ ಗಳಿಗೆಯಲ್ಲಿ ನನಗೆ ಅವಳ ಮೇಲೆ ಸಿಟ್ಟೇ ಬಂತು.

ಹತ್ತಿರ ಹೋಗಲು ಆಗದಿದ್ದವನು ದೂರದಿಂದಲೇ ಅವಳನ್ನು ಬಿಸಿಲಿನಿಂದ ಕಾಯತೊಡಗಿದ. ಮೊದಲು ಮನೆಯೊಳಗಿನ ತಪಾಸಣೆ. ಅಡುಗೆಮನೆಯ ಬೆಳಕಿಂಡಿಯಿಂದ ರೊಟ್ಟಿಯಗಲದ ಬಿಸಿಲು ನೆಲಕ್ಕೆ ಬೀಳುತ್ತದಲ್ಲ, ಕೂಸು ಅಂಬೆಗಾಲಿಟ್ಟು ಅಲ್ಲಿಗೆ ಹೋದರೆ? ಮಾಳಿಗೆ ಹತ್ತಿ ಬೆಳಕಿಂಡಿಗೆ ಬುಟ್ಟಿ ಬೋರಲು ಹಾಕಿದ. ಕೆಳಗೆ ಕತ್ತಲು. ಅಂದು ಸಾರಿಗೆ ಎರಡು ಸಲ ಉಪ್ಪು ಬಿತ್ತು, ಪಲ್ಯಕ್ಕೆ ಬೀಳಲೇ ಇಲ್ಲ.

"ಮಾರಾಯಾ, ಕೂಸಿಗೆ ಎಳಿ ಬಿಸಲರ ಬೇಕಲ್ಲೋ! ಎಲವು ಗಟ್ಟಿ ಆಗಬೇಕಲ್ಲ!" ಎಂದು ಅವ್ವ ಜಗಳಕ್ಕೆ ನಿಂತಳು.

"ಎಳಿ ಬಿಸಲು ಇರ್ಲಿ ವೈನಿ, ಬ್ಯಾಡ ಅನ್ನೂದಿಲ್ರಿ. ಆದ್ರ ಅದು ಬಲಿಯೂದು ನಿಮಗ ಗೊತ್ತಾಗೂದಿಲ್ಲ, ನನಗ ಗೊತ್ತಾಗತೈತಿ" ಎಂದ ಕಾಕಾ. ಬೆಳಗ್ಗೆ ಅವ್ವ ಕೂಸಿಗೆ ಎಣ್ಣೆ ತಿಕ್ಕಿ ಅಂಗಳದಲ್ಲಿ ಮಲಗಿಸಿದರೆ, ಇವನು ಕೂಸಿಗೆ ಕಾಣದಂತೆ ಕಂಬದ ಹಿಂದೆ ನಿಂತು ಆಕಾಶವನ್ನೇ ನೋಡುತ್ತಿದ್ದ. ಕಬಡ್ಡಿಯ ಅಂಪೈರನಂತೆ ಒಮ್ಮೆಲೇ "ಸಾಕು!" ಎಂದು ಕೂಗುತ್ತಿದ್ದ. ಕೂಸು ಆ ದನಿಗೇ ಬೆಚ್ಚಿ ಅಳುತ್ತಿತ್ತು. ಪಾಪ, ಅಲ್ಲಿಯೂ ಕೆಲಸ ಕೆಟ್ಟಿತು.

ರಜೆ ಮುಗಿಯುವ ಮುನ್ನ ಆನೆಗೊಂದಿಯ ಹೊಳೆದಂಡೆಗೆ ಹೋಗಿ ಬುತ್ತಿ ಉಂಡು ಬರೋಣ ಎಂದವರು ನನ್ನ ಯಜಮಾನರು. ಕಾಕಾನ ಮುಖ ಬಿಳಿಚಿಕೊಂಡಿತು.

"ಅಳಿಯಾರ, ಅಲ್ಲಿ ಬಂಡಿಗಲ್ಲು ಹ್ಯಾಂಗ ಕಾಯ್ತಾವ ಗೊತ್ತೈತೇನ್ರಿ? ರೊಟ್ಟಿ ಬಡದು ಅದರ ಮ್ಯಾಲ ಹಾಕಿದ್ರ ಉಬ್ಬತಾವ!"

ನನ್ನವರು ಕಾಲೇಜಿನಲ್ಲಿ ಪಾಠ ಹೇಳುವವರು. ಫೋನಿನಲ್ಲಿ ಎಲ್ಲ ಓದಿ ತಯಾರಾಗಿದ್ದರು. ಅಂಚಿರುವ ಟೋಪಿ, ಮೈತುಂಬಾ ಮುಚ್ಚುವ ತೆಳುವಾದ ಹತ್ತಿಯಂಗಿ, ಮಕ್ಕಳ ಡಾಕ್ಟರನ್ನು ಕೇಳಿ ತಂದ ಸನ್‌ಸ್ಕ್ರೀನ್, ಮಡಚಿದರೆ ತಟ್ಟೆಯಷ್ಟಾಗುವ ಪುಟ್ಟ ಟೆಂಟು. ಒಂದೊಂದನ್ನೂ ತೆಗೆದು ಕಾಕಾನ ಮುಂದಿಟ್ಟರು.

ಕಾಕಾ ಸನ್‌ಸ್ಕ್ರೀನನ್ನು ಮೂಸಿ ನೋಡಿದ. "ಎಣ್ಣಿ ಹಚ್ಚಿ ಬಿಸಲಿಗೆ ಹಿಡದ್ರ ಕರಿದಂಗ ಆಗೂದಿಲ್ಲೇನ್ರಿ?" ಎಂದ. ಟೆಂಟನ್ನು ಬಿಚ್ಚಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಕೋಳಿ ಮುಚ್ಚೂ ಬುಟ್ಟಿ. ಒಳಗ ಗಾಳಿ ಆಡೂದಿಲ್ಲ. ನೀವು ಸುಮ್ನ ಇರ್ರಿ, ನಾನು ನೋಡ್ಕೋತೀನಿ" ಎಂದ. ಅವನು ಹಾಗೆಂದ ಕೂಡಲೇ ನಮ್ಮಪ್ಪ ತನಗೆ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದುಬಿಟ್ಟ. ತಮ್ಮನನ್ನು ಬಲ್ಲವನು, ಜಾಣ!

ನಾವು ನಸುಕಿನಲ್ಲೇ ಬಾಡಿಗೆ ಕಾರಿನಲ್ಲಿ ಹೊರಟು, ಶ್ರೀರಾಮನಗರದ ಕಡೆಯ ಹಸಿರು ಗದ್ದೆ ನೋಡಿಕೊಂಡು, ಒಂದೆರಡು ಕಡೆ ನಿಂತು ಹೊಳೆ ಮುಟ್ಟಿದರೆ, ಕಾಕಾ ಆಗಲೇ ಅಲ್ಲಿದ್ದ. ಪಕ್ಕದಲ್ಲಿ ಒಂದು ಗೂಡ್ಸ್ ಗಾಡಿ. ಗಾಡಿಯಲ್ಲಿ ಕಂಬ, ಹಗ್ಗ, ಗೂಟ, ಮದುವೆಯ ಶಾಮಿಯಾನ! ಕೆಂಪು ಹಳದಿ ಪಟ್ಟೆ, ಸುತ್ತಲೂ ಝಗಮಗ ಝಾಲರು. ಒಂದು ಮೊಳದ ಕೂಸಿಗೆ ಇಡೀ ಬೀಗರ ಬಳಗ ಕೂರುವಷ್ಟು ನೆರಳು!

"ಹಿಡೀರಿ ಅಳಿಯಾರ" ಎಂದು ನನ್ನವರ ಕೈಗೆ ಸುತ್ತಿಗೆ ಕೊಟ್ಟ. ಪ್ರೊಫೆಸರರು ಉಸುಕಿನಲ್ಲಿ ಗೂಟ ಹೊಡೆದರು. ಹೊಡೆದದ್ದು ಕಿತ್ತುಬಂತು. ಮತ್ತೆ ಹೊಡೆದರು. ಅಂತೂ ಹಂದರ ಎದ್ದು ನಿಂತಿತು. ನಿಜ ಹೇಳುತ್ತೇನೆ, ಒಳಗೆ ತಣ್ಣಗೆ ಹೊಳೆಗಾಳಿ ಬೀಸುತ್ತಿತ್ತು, ಕೂಸು ಜಮಖಾನೆಯ ಮೇಲೆ ರಾಣಿಯಂತೆ ಉರುಳಾಡಿತು. ಕಾಕಾ ಹಿಂದಿನ ಕಂಬದ ಮರೆಯಲ್ಲಿ ಕೂತು ಅದನ್ನೇ ಕದ್ದು ಕದ್ದು ನೋಡುತ್ತಿದ್ದ.

ಆದರೆ ನಮ್ಮ ಸೀಮೆಯಲ್ಲಿ ಶಾಮಿಯಾನ ಕಂಡರೆ ಜನ ಏನೆಂದುಕೊಳ್ಳುತ್ತಾರೆ? ಒಂದೋ ಮದುವೆ, ಇಲ್ಲವೇ ದಾಸೋಹ. ಎರಡರಲ್ಲಿ ಯಾವುದಾದರೂ ಊಟವಂತೂ ಇದ್ದೇ ಇದೆ! ಅಂಜನಾದ್ರಿ ಹತ್ತಿಳಿದು ಬಂದ ಭಕ್ತರು ಮೊದಲು ಇಬ್ಬರು ಬಂದರು. ಚಪ್ಪಲಿ ಬಿಟ್ಟು, ಕೈಮುಗಿದು, ಶಿಸ್ತಾಗಿ ಪಂಕ್ತಿಗೆ ಕೂತರು. ಅವರನ್ನು ನೋಡಿ ಹಿಂದಿನವರು. ಅವರ ಎದುರಿಗೆ ಇನ್ನೊಂದು ಸಾಲು. "ಭೋಜನಾಲು ಎಪ್ಪುಡಂಡಿ?" ಎಂದು ಒಬ್ಬರು ತೆಲುಗಿನಲ್ಲಿ ನನ್ನವರ ಹತ್ತಿರ ಊಟದ ಹೊತ್ತು ವಿಚಾರಿಸಿದರು. ಒಬ್ಬ ಅಜ್ಜಿ ನೇರವಾಗಿ ನನ್ನ ಹತ್ತಿರ ಬಂದು, "ಹೆಣ್ಣು ಗಂಡು ಯಾರವ್ವಾ?" ಎಂದಳು.

"ಯಾರೂ ಇಲ್ಲಬೇ ಯಮ್ಮಾ, ನಾನು, ಇವ್ರು, ನಮ್ಮ ಕೂಸು, ಅಷ್ಟ" ಎಂದೆ.

ಅಜ್ಜಿ ನನ್ನನ್ನು ನೋಡಿದಳು, ಇವರನ್ನು ನೋಡಿದಳು, ತೊಡೆಯ ಮೇಲಿನ ಕೂಸನ್ನು ನೋಡಿದಳು. "ಇರ್ಲಿ ಬಿಡವ್ವಾ. ಈಗಿನ ಕಾಲದಾಗ ಕೂಸು ಮೊದಲ, ಅಕ್ಕಿಕಾಳು ಆಮ್ಯಾಲ. ಒಟ್ನ್ಯಾಗ ಛಲೋ ಇರ್ರಿ" ಎಂದು ಹರಸಿ ಅಲ್ಲೇ ಕೂತಳು! ನನ್ನವರು ಯಾವ ಕಡೆ ಮುಖ ಮಾಡಬೇಕೆಂದು ತಿಳಿಯದೆ ಗೂಟಗಳನ್ನು ಎಣಿಸತೊಡಗಿದರು.

ಕಾಕಾ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ಊಟ ಇಲ್ರಿ! ನೆಳ್ಳಷ್ಟ ಐತಿ!" ಅವರೆಲ್ಲ ಎದ್ದು ಹೋಗುತ್ತಾರೆಂದು ನಾವು ಕಾದೆವು. ಆ ಬೆಂಕಿಯಂಥ ಬಿಸಿಲಿನಲ್ಲಿ ನೆರಳಿಗಿಂತ ಮೃಷ್ಟಾನ್ನ ಉಂಟೇ? ಒಬ್ಬರೂ ಕದಲಲಿಲ್ಲ. ಅವ್ವ ಕಟ್ಟಿ ಕಳಿಸಿದ್ದ ರೊಟ್ಟಿ, ಮೊಸರನ್ನ ಚೂರುಚೂರಾಗಿ ಎಲ್ಲರ ಅಂಗೈ ಸೇರಿತು.

"ಕಾಕಾ, ಇದನ್ನು ಕಟ್ಟಿದ್ದು ಕೂಸಿಗೆ ಅಂತಲ್ವಾ? ಸ್ವಲ್ಪ ಸರಿಯೋಕೆ ಹೇಳಿ" ಎಂದರು ನನ್ನವರು.

"ಹಂದರದಾಗ ಕುಂತವರನ್ನ ಎಬ್ಬಸ್ತಾರೇನ್ರಿ ಅಳಿಯಾರ? ನನ್ನ ಕೈಲೆ ಆಗೂದಿಲ್ರಿ" ಎಂದ. ಹೇಳಿ ತಲೆ ತಗ್ಗಿಸಿದ. ತಾನೇ ಕಟ್ಟಿದ ನೆರಳಿನಲ್ಲಿ ಕೂಸಿಗೆ ಜಾಗವಿಲ್ಲದಂತಾಯಿತಲ್ಲ ಎಂಬ ಸಂಕಟ ಅವನ ಮುಖದಲ್ಲಿ ಕಾಣುತ್ತಿತ್ತು.

ಜನ ಹೆಚ್ಚಾದಂತೆ ಗಾಳಿ ನಿಂತಿತು. ಕೂಸು ಬೆವೆತು ರಂಪ ಮಾಡಿತು. ನಾನು ಅದನ್ನು ಎತ್ತಿಕೊಂಡು ನೀರಿನ ಹತ್ತಿರದ ಒಂದು ದೊಡ್ಡ ಕಲ್ಲುಗುಂಡಿನ ನೆರಳಿಗೆ ಹೋಗಿ, ಹಾಲು ಕುಡಿಸಿ, ಒದ್ದೆ ಬಟ್ಟೆಯಲ್ಲಿ ಕೈಕಾಲು ಒರೆಸಿದೆ. ತಂಪಿಗೆ ಅದು ಹಾಗೇ ತೊಡೆಯ ಮೇಲೆ ನಿದ್ದೆ ಹೋಯಿತು. ಬೆಳಗಿನಿಂದ ಕಣ್ಣು ಮುಚ್ಚದ ಕೂಸು. ಅಲುಗಾಡಿದರೆ ಏಳುತ್ತದೆ. ಆದರೆ ಹೊತ್ತು ತಿರುಗುತ್ತಿತ್ತು, ಗುಂಡಿನ ನೆರಳು ಸರಿಯುತ್ತಿತ್ತು. ಬಿಸಿಲು ನನ್ನ ಸೀರೆಯ ಅಂಚಿಗೆ ಬಂತು, ಕೂಸಿನ ಪಾದದ ಹತ್ತಿರಕ್ಕೆ ಬಂತು. ಇನ್ನು ಎಬ್ಬಿಸಲೇಬೇಕು ಎನ್ನುವಷ್ಟರಲ್ಲಿ ನಮ್ಮ ಮೇಲೆ ನೆರಳು ಬಿತ್ತು.

ಕಾಕಾ ಬಂದು ನಿಂತಿದ್ದ. ಕೊಡೆ ಇರಲಿಲ್ಲ, ಅದು ಹೊರಟು ನಿಂತ ಆ ಅಜ್ಜಿಯ ಪಾಲಾಗಿತ್ತು. ತಲೆಯ ಟವೆಲ್ಲನ್ನೂ ಬಿಚ್ಚಿ ಎರಡೂ ಕೈಗಳಲ್ಲಿ ಅಗಲವಾಗಿ ಹಿಡಿದಿದ್ದ. ಕೂಸಿಗೆ ತನ್ನ ಮುಖ ಕಾಣಬಾರದೆಂದು ನಮಗೆ ಬೆನ್ನು ಮಾಡಿ, ಬರಿದಲೆಯಲ್ಲಿ, ಸೂರ್ಯನಿಗೆ ಎದೆಗೊಟ್ಟು ನಿಂತಿದ್ದ. ನಾನು ಹುಟ್ಟಿದಾಗಿನಿಂದ ಅವನನ್ನು ಹಾಗೆ ನೋಡಿದ್ದಿಲ್ಲ.

"ಕಾಕಾ, ತಲಿ ಸುಡತೈತಿ, ನೀ ಒಳಗ ಹೋಗು. ನಾ ಏಳ್ತೀನಿ" ಎಂದೆ.

"ಶ್! ಸಣ್ಣಗ ಮಾತಾಡು. ನನ್ನ ದನಿ ಕೇಳಿದ್ರ ಅಳತೈತಿ" ಎಂದ ಪಿಸುದನಿಯಲ್ಲಿ.

ಅವನ ಬಿಳಿ ಅಂಗಿಯ ಬೆನ್ನು ಮೊದಲು ಅಲ್ಲಲ್ಲಿ, ಆಮೇಲೆ ಪೂರ್ತಿ ಒದ್ದೆಯಾಯಿತು. ಬಿಸಿಲು ಸರಿದಂತೆ ಅವನೂ ಒಂದಿಷ್ಟೇ ಸರಿದು ನಿಲ್ಲುತ್ತಿದ್ದ. ನನಗೆ ಅಳು ಬರುವಂತಾಗಿ ಕೆಳಗೆ ನೋಡಿದೆ. ಕೂಸು ಯಾವಾಗಲೋ ಕಣ್ಣು ತೆರೆದಿತ್ತು. ಎದುರಿಗಿದ್ದ ಆ ದೊಡ್ಡ ಬೆನ್ನನ್ನು ಮಿಕಿಮಿಕಿ ನೋಡುತ್ತಿತ್ತು. ನೋಡುತ್ತ ನೋಡುತ್ತ ಮುಂದಕ್ಕೆ ಬಾಗಿ, ಕೈಚಾಚಿ, ಅವನ ಧೋತರದ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು.

ಕಾಕಾ ಗಕ್ಕನೆ ನಿಂತ. ಎಳೆತ ತಿಳಿದಿರಬೇಕು. ತಿರುಗಲಿಲ್ಲ.

"ಯಾರದು?"

"ಕೂಸು, ಕಾಕಾ. ನಿನ್ನ ಧೋತ್ರ ಹಿಡದೈತಿ."

"ಅಳಾಕತ್ತೈತೇನು?"

"ಇಲ್ಲ. ನಗಾಕತ್ತೈತಿ. ತಿರುಗಿ ನೋಡು."

"ಬ್ಯಾಡವ್ವಾ, ತಿರುಗಿದ್ರ ಬಿಟ್ಟಬಿಡತೈತಿ" ಎಂದ. "ಹ್ಯಾಂಗ ನಗಾಕತ್ತೈತಿ, ನೀನ ಹೇಳು."

ಹೇಳಿದೆ. ಕೆಳಗಿನ ಎರಡು ಹಲ್ಲು ಕಾಣುತ್ತಿವೆ ಎಂದೆ, ಜೊಲ್ಲು ಗದ್ದಕ್ಕಿಳಿದಿದೆ, ಮೂಗು ಸೊಟ್ಟ ಮಾಡಿಕೊಂಡು ನಿನ್ನನ್ನೇ ಮೇಲಿಂದ ಕೆಳಗೆ ನೋಡುತ್ತಿದೆ ಎಂದೆ. ಅವನು ಟವೆಲ್ಲು ಹಿಡಿದ ಕೈ ಇಳಿಸದೆ, ಅತ್ತಿತ್ತ ಅಲುಗದೆ ಕೇಳಿಸಿಕೊಂಡ. ನಾನು ಹೇಳಿ ಮುಗಿಸಿದ ಮೇಲೆ, "ಇನ್ನೊಮ್ಮೆ ಹೇಳವ್ವಾ" ಎಂದ.